ಹಲ್ಲಿಯ ಮದುವೆ, ಹಳ್ಳಿಯ ಮದುವೆ

ಹೆಗ್ಗನಹಳ್ಳಿಯ ಯಶೋದಮ್ಮನವರಿಗೆ ಅರವತ್ತು ದಾಟಿದೆ. ಮಾವ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೂರಂತಸ್ತಿನ ಮನೆ. ಮೇಲೆ ಬಾಡಿಗೆಯವರು, ಕೆಳಗೆ ಯಶೋದಮ್ಮ ಮತ್ತು ಅವರ ಚಿತ್ರಕಥೆ ಪುಸ್ತಕಗಳು. "ಮೊಮ್ಮಕ್ಕಳಿಗಾ?" ಎಂದು ಕೇಳಿದವರಿಗೆಲ್ಲ "ನಂಗೇ" ಎಂದು ಮುಖಕ್ಕೆ ಹೊಡೆದಂತೆ ಹೇಳುವ ಹೆಂಗಸು. ಪುಸ್ತಕಗಳಿಗೆ ಗೆದ್ದಲು ಹತ್ತತೊಡಗಿದಾಗ ಅಳುತ್ತ ಕೂರಲಿಲ್ಲ. ಅಷ್ಟನ್ನೂ ಸ್ಕ್ಯಾನ್ ಮಾಡಿ ಹಾರ್ಡ್ ಡಿಸ್ಕಿಗೆ ತುಂಬಿದರು. ಪ್ರತಿ ಫೈಲಿಗೂ ಕನ್ನಡದಲ್ಲೇ ಹೆಸರು, ಮುಖಪುಟದಲ್ಲಿದ್ದ ಹಾಗೆಯೇ.

ಬಸವೇಶ್ವರನಗರದ ಮಧುಕುಮಾರ್ ಹಳೆಯ ಚಿತ್ರಕಥೆ ಕೂಡಿಡುವವರ ವಾಟ್ಸಾಪ್ ಗುಂಪಿನ ಅಡ್ಮಿನ್. ಗುಂಪಿಗೆ ಬೇಕೆಂದು ಡಿಸ್ಕ್ ಕೇಳಿ ಒಯ್ದ. ಅವನದೊಂದು ನಿಯಮ: ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು, ನಡುವೆ ಜಾಗ ಬಿಡಬಾರದು. ವಾರ ಬಿಟ್ಟು ತಂದುಕೊಟ್ಟ.

"ಎಲ್ಲಾ ನೀಟಾಗಿ ರೀನೇಮ್ ಮಾಡಿದೀನಿ ಆಂಟಿ."

ಯಶೋದಮ್ಮ ಮೊದಲು ಹುಡುಕಿದ್ದು 'ಹಲ್ಲಿಯ ಮದುವೆ'. ಅವರು ಓದು ಕಲಿತದ್ದೇ ಅದರಲ್ಲಿ. Halliya_Maduve ಎಂದೊಂದು ಫೈಲ್ ಸಿಕ್ಕಿತು. ತೆರೆದರೆ ಹಲ್ಲಿಯ ಸುಳಿವೇ ಇಲ್ಲ. ಚಪ್ಪರ, ವಾಲಗ, ಎತ್ತಿನಗಾಡಿ. ಅದು 'ಹಳ್ಳಿಯ ಮದುವೆ', ಬೇರೆಯದೇ ಪುಸ್ತಕ. ಇಂಗ್ಲಿಷಿನಲ್ಲಿ ಹಲ್ಲಿಗೂ ಹಳ್ಳಿಗೂ ಒಂದೇ ಕಾಗುಣಿತವಲ್ಲವೇ! ಇದೇ ಹೆಸರಿನ ಫೈಲ್ ಆಗಲೇ ಇದೆ, ಅದನ್ನು ಅಳಿಸಿ ಇದನ್ನು ಹಾಕಲೇ ಎಂದು ಕಂಪ್ಯೂಟರ್ ಕೇಳಿದೆ. ಪುಣ್ಯಾತ್ಮ ಹೂಂ ಎಂದು ಒತ್ತಿದ್ದಾನೆ. ಕಾಗದದ ಪ್ರತಿ ಎಂದೋ ಗೆದ್ದಲಿನ ಹೊಟ್ಟೆ ಸೇರಿತ್ತು. ಯಶೋದಮ್ಮ ಕಂಪ್ಯೂಟರಿನ ಪರದೆಯನ್ನು ಎದುರಿಗೇ ಕೂತಿದ್ದ ಮಧುಕುಮಾರನತ್ತ ತಿರುಗಿಸಿದರು.

"ಒಂದ್ ತಾನೆ ಹೋಗಿದ್ದು, ಬಿಡಿ ಆಂಟಿ. ಸಿಸ್ಟಮ್ ಅಂದ್ಮೇಲೆ ಇದೆಲ್ಲಾ ಇದ್ದಿದ್ದೇ."

"ನಮ್ಮೂರನ್ನ ಹೆಗ್ಗನಹಲ್ಲಿ ಅಂತೀಯಲ್ಲ, ಆಗ್ಲೇ ನಂಗೆ ಗೊತ್ತಾಗ್ಬೇಕಿತ್ತು ಕಣಪ್ಪ."

ಅವನು ಹೋದ ಮೇಲೆ ಯಶೋದಮ್ಮ ಪಟ್ಟುಹಿಡಿದು ಕೂತು ಒಂದೊಂದೇ ಹೆಸರನ್ನು ಕನ್ನಡಕ್ಕೆ ತಿರುಗಿಸಿದರು. ಕಳೆದುಹೋದದ್ದರ ಜಾಗದಲ್ಲಿ ಖಾಲಿ ಫೈಲೊಂದನ್ನಿಟ್ಟು ಹೆಸರು ಕೊಟ್ಟರು: 'ಹಲ್ಲಿಯ ಮದುವೆ – ಮಧುಕುಮಾರ್ ನುಂಗಿದ್ದು'. ಆಮೇಲೆ ಇಡೀ ಸಂಗ್ರಹವನ್ನು ತಾವೇ ಗುಂಪಿಗೆ ಹಾಕಿದರು. "ಬೇಕಾದವ್ರು ತಗೊಳ್ಳಿ. ಹೆಸರಲ್ಲಿ ಒಂದಕ್ಷರ ಮುಟ್ಟಂಗಿಲ್ಲ."

ಜನ ಮುಗಿಬಿದ್ದು ಇಳಿಸಿಕೊಂಡರು. ಕೆಂಗೇರಿಯಿಂದ ರಾಜಾಜಿನಗರದವರೆಗೆ ಎಲ್ಲರ ಕಂಪ್ಯೂಟರಿನಲ್ಲೂ ಮಧುಕುಮಾರನ ಹೆಸರು ಹೋಗಿ ಕೂತಿತು.

ಮರುದಿನವೇ ಅವನು ಓಡೋಡಿ ಬಂದ. "ಮಾನ ಹೋಗ್ತಾ ಇದೆ ಆಂಟಿ. ಅದೊಂದ್ ಹೆಸರು ಚೇಂಜ್ ಮಾಡಿ, ಪ್ಲೀಸ್."

"ಮಾಡ್ತೀನಿ," ಎಂದರು ಯಶೋದಮ್ಮ. "ನನ್ ಹಲ್ಲಿ ತಂದ್ಕೊಡು."