ಶಾಂತಾ ಮೌಶಿಯ ಠರಾವು

ಇಳಕಲ್ಲಿನ ನಮ್ಮ ಶಾಂತಾ ಮೌಶಿಯ ಮನೆಯಲ್ಲಿ ಪಲ್ಯ ಬದನೆಕಾಯಿಯದೋ ಹೀರೇಕಾಯಿಯದೋ ಎಂಬುದೂ ಕೈ ಎತ್ತಿಯೇ ತೀರ್ಮಾನವಾಗಬೇಕು. ನೇಕಾರ ಹೆಣ್ಣುಮಕ್ಕಳ ಸಂಘಕ್ಕೆ ಅಧ್ಯಕ್ಷೆಯಾದಾಗಿನಿಂದ ಹಿಡಿದ ಹುಚ್ಚು ಅದು. ಅವಳ ಕೈಗೆ ಮಾತ್ರ ಎರಡು ಮತ! ಗಂಡ ಈರಪ್ಪ ಕಾಕಾ ಗೊರಕೆ ಹೊಡೆಯಬಾರದೆಂದೂ ಒಮ್ಮೆ ಠರಾವು ಪಾಸಾಯಿತು. ನಿದ್ದೆಗಣ್ಣಿನಲ್ಲಿ ಕಾಕಾನೂ ಕೈ ಎತ್ತಿದ್ದ.

ಒಂದು ಸಂಜೆ ಹುನಗುಂದದಿಂದ ಬಂದವಳೇ ಚುರುಮುರಿಯ ಗಿರ್ಮಿಟ್ ಹಂಚಿ ಸಭೆ ಕರೆದಳು. ಅಲ್ಲಿ ಅವಳ ಗೆಳತಿಯೊಬ್ಬಳು ತಲೆಗೆ ಪೆಟ್ಟು ಬಿದ್ದು, ಎಚ್ಚರವಿಲ್ಲದೆ ತಿಂಗಳುಗಟ್ಟಲೆ ಮಲಗಿದ್ದಳು.

"ನನಗೇನರ ಹಂಗಾತಂದ್ರ, ಎಚ್ಚರ ಬರೂದಿಲ್ಲಂತ ಡಾಕ್ಟರು ಹೇಳಿದ್ರಂದ್ರ, ಮಶೀನ್ ಮ್ಯಾಲೆ ಉಸಿರಾಡಿಸಬ್ಯಾಡ್ರಿ. ಒಪ್ಪಿಗಿ ಇದ್ದವರು ಕೈ ಎತ್ರಿ!"

ಎಲ್ಲರೂ ನಗುನಗುತ್ತ ಎತ್ತಿದೆವು. ಮೌಶಿಗೆ ಸಿಟ್ಟು ಬಂತು ನೋಡಿ! "ಒಬ್ಬರರೆ ಬ್ಯಾಡ ಅನಬಾರದೇನ್ರಿ? ನಿಮ್ಮ ಬಾಯಾಗ ಮಣ್ಣ ಬೀಳಲಿ!" ನಕ್ಕು ನಕ್ಕು ನನಗೆ ಚುರುಮುರಿ ನೆತ್ತಿಗೇರಿತು.

ಮರುವರ್ಷ ಕೆರೂರ ಸಂತೆಯ ಹತ್ತಿರ ಮೌಶಿ ಸ್ಕೂಟರಿನ ಹಿಂದಿನ ಸೀಟಿನಿಂದ ಬಿದ್ದಳು. ಬಾಗಲಕೋಟೆಯ ದವಾಖಾನೆಯಲ್ಲಿ ಮೂರು ವಾರ ಯಂತ್ರದ ಮೇಲಿದ್ದಳು. ಮೆದುಳಿನ ಪೆಟ್ಟು ವಾಸಿಯಾಗುವಂಥದ್ದಲ್ಲ, ಇನ್ನು ಎಚ್ಚರ ಬರುವುದಿಲ್ಲ ಎಂದು ಡಾಕ್ಟರುಗಳು ಮತ್ತೆ ಮತ್ತೆ ಪರೀಕ್ಷಿಸಿ ಹೇಳಿದರು. ಯಂತ್ರ ತೆಗೆಯಲು ಮನೆಯವರು ಒಪ್ಪಬೇಕು. ಕಾಕಾ ದಿನಾ "ನಾಳಿ ನೋಡೂಣ್ರಿ" ಎನ್ನುತ್ತಿದ್ದ.

ಕಡೆಗೆ ನಾನೇ ಕೇಳಿದೆ. "ಕಾಕಾ, ಅವತ್ತ ನೀವೂ ಕೈ ಎತ್ತಿದ್ರಲ್ಲ?"

"ಅದು ಲೆಕ್ಕಕ್ಕಿಲ್ಲಲೇ. ಬಾಯಾಗ ಗಿರ್ಮಿಟ್ ಇತ್ತು."

"ಕೈ ಖಾಲಿ ಇತ್ತಲ್ರಿ."

ಪಕ್ಕದಲ್ಲಿ ಅಳುತ್ತ ಕೂತಿದ್ದ ಸಂಘದ ಹೆಣ್ಣುಮಕ್ಕಳು ಫಕ್ಕನೆ ನಕ್ಕುಬಿಟ್ಟರು. ಕಾಕಾನೂ ನಕ್ಕ, ನಗುತ್ತಲೇ ಮುಖ ಮುಚ್ಚಿಕೊಂಡ.

"ಆಕಿ ಮಾತ ನಾ ಯಾವತ್ತರ ಮೀರೇನೇನಪಾ? ಇದೊಂದ ಮೀರಬೇಕನಸ್ತೈತಿ."

ಬಹಳ ಹೊತ್ತಿನ ಮೇಲೆ ತಾನೇ ಎದ್ದು, ಡಾಕ್ಟರ ಕೋಣೆಗೆ ಹೋಗಿ ಸಹಿ ಹಾಕಿದ.

ಯಂತ್ರ ತೆಗೆದ ಮೇಲೆ ಮೌಶಿ ಸಂಜೆಯವರೆಗೂ ತಾನೇ ಉಸಿರಾಡಿದಳು. ಕಾಕಾ ಕೈ ಹಿಡಿದು ಕೂತು ಮಾತಾಡಿದ. ಮದುವೆಯಾದ ಹೊಸದರಲ್ಲಿ ಬಾದಾಮಿಯಲ್ಲಿ ಬಸ್ಸು ತಪ್ಪಿತ್ತಂತೆ. ತಪ್ಪು ಯಾರದೆಂದು ಅವರಿಬ್ಬರೂ ನಲವತ್ತು ವರ್ಷ ಜಗಳಾಡಿದ್ದರು. ಆ ಕಥೆಯನ್ನು ಮೊದಲಿಂದ ತೆಗೆದ. ಒಂದೊಂದು ಮಾತಿಗೂ ನಿಂತು, ಅವಳು ನಡುವೆ ಬಾಯಿ ಹಾಕುತ್ತಾಳೇನೋ ಎಂದು ಕಾಯುತ್ತಿದ್ದ.

"ಆತು ಮಾರಾಯ್ತಿ, ಬಸ್ಸ ತಪ್ಪಿಸಿದಾಂವ ನಾನ," ಎಂದ ಕೊನೆಗೆ.

ಆಗಲೂ ಅವಳು "ನಾ ಹೇಳಿದ್ದಿಲ್ಲೇನು?" ಎನ್ನಲಿಲ್ಲ. ಕಾಕಾ ಅತ್ತದ್ದು ಆವಾಗಲೇ.