ಐದು ತೊಲದ ಎಳೆತ

ಇಪ್ಪತ್ಮೂರು ವರ್ಷದ ಮುನಾಫನಿಗೆ ಶಿರಸಿಯ ಒಂದು ಅಡಿಕೆ ಮಂಡಿಯಲ್ಲಿ ತೂಕ ಕೂಗುವ ಕೆಲಸ. ಓದಿದ್ದು ನಾಲ್ಕನೆಯ ಇಯತ್ತೆ, ಮಾತು ಮಾತ್ರ ಮುಂಬಯಿ ಇಂಜಿನಿಯರನದು. ಮಂಡಿಗೆ ಬರುವ ಮತ್ತಿಘಟ್ಟದವರು, ಉಮ್ಮಚಗಿಯವರು ಅವನ ಕಣ್ಣಿಗೆ ಚೀಲ ಹೊತ್ತ ಕಾಲುಗಳು. ತನ್ನ ಬಗ್ಗೆಯೂ ಅವನಿಗೆ ಅಂಥ ಗೌರವವೇನಿರಲಿಲ್ಲ: ಸಂಬಳಕ್ಕೆ ಹರಿದುಕೊಳ್ಳುವ ಒಂದು ಗಂಟಲು, ಅದರ ಕೆಳಗೆ ಜೋತುಬಿದ್ದ ಒಂದು ಅಂಗಿ.

ಯಲ್ಲಾಪುರದಲ್ಲಿ ಒಂದು ಬಸ್ಸು, ಮೋಟಾರು ಗ್ಯಾರೇಜು ಇಟ್ಟಿದ್ದ ನೂರ್ ಅಹ್ಮದ್ ಸಾಹೇಬರು ಚೀಲ ಸಾಗಿಸಲು ಲಾರಿ ತಂದ ದಿನ ಆ ಗಂಟಲು ಸುಮ್ಮನಿರಲಿಲ್ಲ. ಪಂಕ ತಿರುಗಿ ತಾನಾಗಿ ಹಾರುವ ಆಟದ ವಿಮಾನ ಮಾಡಿದ್ದೇನೆ ಎಂದುಬಿಟ್ಟಿತು. ಮಾಡಿರಲಿಲ್ಲ. ತಿಂಗಳೊಳಗೆ ತಾ, ಗ್ಯಾರೇಜಿನ ಎದುರಿನ ಮೈದಾನ ದಾಟಿದರೆ ಫಿಟ್ಟರ್ ಕೆಲಸಕ್ಕೆ ಸೇರಿಸಿಕೊಳ್ಳುತ್ತೇನೆ ಎಂದರು ಸಾಹೇಬರು. ಮಂಡಿಯಿಂದ ಪಾರಾಗಲು ಅವನಿಗಿದ್ದದ್ದು ಅದೊಂದೇ ಬಾಗಿಲು.

ಬಿದಿರುಕಡ್ಡಿ, ಗಾಳಿಪಟದ ಕಾಗದ, ಹಾಲುವಾಣದ ಹಗುರ ಮರದಲ್ಲಿ ಕೆತ್ತಿದ ಪಂಕ, ಅದನ್ನು ತಿರುಗಿಸಲು ಸೈಕಲ್ ಟ್ಯೂಬು ಸೀಳಿ ಹುರಿಮಾಡಿದ ರಬ್ಬರು. ಒಟ್ಟು ಹನ್ನೆರಡು ತೊಲ. ಹಾರಬೇಕಾದರೆ ಪಂಕದ ಎಳೆತ ಭಾರದ ಮೂರರಲ್ಲೊಂದು ಪಾಲಾದರೂ ಇರಬೇಕೆಂದು ರದ್ದಿಯಲ್ಲಿ ಸಿಕ್ಕ ಪತ್ರಿಕೆಯೊಂದು ಹೇಳಿತ್ತು. ಅಂದರೆ ನಾಲ್ಕು ತೊಲ.

ಮನೆಯಲ್ಲಿ ವಿಮಾನವನ್ನು ಮೂತಿ ಮೇಲಾಗಿ ತಕ್ಕಡಿಯ ಒಂದು ಕೈಗೆ ಕಟ್ಟಿದ. ಇನ್ನೊಂದು ಕಡೆಯ ತಟ್ಟೆಯಲ್ಲಿ ಹನ್ನೆರಡರ ಬದಲು ಏಳೇ ತೊಲದ ಕಲ್ಲು. ಪಂಕ ಐದು ತೊಲ ಎಳೆದರೆ ಕಲ್ಲಿನ ತಟ್ಟೆ ಬಗ್ಗಬೇಕು. ರಬ್ಬರು ತಿರುಚಿ ಬಿಟ್ಟ. ತಟ್ಟೆ ಬಗ್ಗಿತು.

"ಐದು!" ಎಂದು ಕೂಗಿ ಬರೆದುಕೊಳ್ಳಲು ತಿರುಗಿದ.

ಮಂಡಿಯ ಪದ್ಧತಿಯೇ ಅದು. ಕಲ್ಲು ಎತ್ತಿಹಾಕಿದ ರಭಸಕ್ಕೆ ಆ ತಟ್ಟೆ ಒಮ್ಮೆ ಬಗ್ಗಿದರೆ ತೂಕ ಕೂಗಿಬಿಡಬೇಕು. ತಕ್ಕಡಿ ನಿಲ್ಲುವವರೆಗೆ ಕಾದರೆ ಅಡಿಕೆ ಹೆಚ್ಚು ತೂಗಿ ಖರೀದಿದಾರನಿಗೆ ನಷ್ಟ.

"ತಡಿಯೋ, ತಟ್ಟೆ ಮತ್ತೆ ಮೇಲೆ ಹೋತು" ಎಂದಳು ನೋಡುತ್ತಿದ್ದ ಅಕ್ಕ ಖತೀಜಾ.

"ನಿಂಗೆಂತ ಗೊತ್ತು, ರೊಟ್ಟಿ ತಟ್ಟು ಹೋಗು."

ಯಲ್ಲಾಪುರದ ಮೈದಾನದಲ್ಲಿ ವಿಮಾನ ಆಳೆತ್ತರ ಜಿಗಿಯಿತು. ಮುನಾಫನ ಎದೆಯೂ ಜಿಗಿಯಿತು. ಬಿಚ್ಚುತ್ತ ಬಿಚ್ಚುತ್ತ ರಬ್ಬರಿನ ಬಿಗಿ ಸಡಿಲಿ ಪಂಕ ಸೋತಿತು. ಹತ್ತು ಮಾರು ಹೋಗುವುದರೊಳಗೆ ವಿಮಾನ ಮೇಯುತ್ತಿದ್ದ ಎಮ್ಮೆಯೊಂದರ ಬೆನ್ನ ಮೇಲೆ ಕೂತಿತು. ಎಮ್ಮೆ ತಲೆ ಎತ್ತಲೂ ಇಲ್ಲ.

ಸಾಹೇಬರು ಎಳೆತ ಅಳೆದದ್ದು ಹೇಗೆಂದು ಕೇಳಿದರು. ಮುನಾಫ ಇದ್ದದ್ದು ಇದ್ದ ಹಾಗೆ ಹೇಳಿದ.

"ಮೊದಲ ಜಗ್ಗಿಗೇ ಕೂಗಿದ್ಯಾ? ಆಮೇಲೆ ಎಳೆತ ಇಳಿತದೆ ಅಂತ ಗೊತ್ತಿದ್ದೂ ನಂಗೆ ಟೋಪಿ ಹಾಕಿದ್ಯೋ, ಗೊತ್ತೇ ಇರ್ಲಿಲ್ವೋ?"

"ಗೊತ್ತಿರ್ಲಿಲ್ಲ, ಅಲ್ಲಾನಾಣೆ." ಪ್ರಾಮಾಣಿಕತೆಗೆ ಬೆಲೆ ಸಿಕ್ಕೀತೆಂದು ಅವನೆಣಿಸಿದ್ದ.

"ಕಳ್ಳ ಆಗಿದ್ರೆ ಬಸ್ಸಿನ ಟಿಕೇಟು ಹರಿಲಿಕ್ಕಾದ್ರೂ ಇಟ್ಕಳ್ತಿದ್ದೆ ಮಾರಾಯ" ಎಂದರು ಸಾಹೇಬರು, ಬೇಸರದಿಂದಲೇ. "ನಿನ್ನ ಕೈಗೆ ಬ್ರೇಕು ಕೊಟ್ರೆ ಘಟ್ಟದಲ್ಲಿ ಜನ ಸಾಯ್ತಾರೆ."

ಅವರು ಗ್ಯಾರೇಜಿನೊಳಗೆ ಹೋದರು. ಮುನಾಫ ವಿಮಾನ ಹೊತ್ತು ಹೊರಟಿದ್ದ ಎಮ್ಮೆಯ ಹಿಂದೆ ನಡೆದ.