ನಾದಿನಿಯ ಫೋಟೋಗೆ ನಾಲ್ಕು ಸೊನ್ನೆ

ತಂತಿಯೇ ಇಲ್ಲದೆ ಫೋನಿನಿಂದ ಕಂಪ್ಯೂಟರಿಗೆ ಫೋಟೋ ಹೋಗುತ್ತದೆ ಎಂದು ನಂಬಿ, ಆ ಭಾನುವಾರದ ಮಧ್ಯಾಹ್ನವನ್ನೆಲ್ಲ ನಾನು ಅಡುಗೆಮನೆಯಲ್ಲಿ, ಮಿಕ್ಸಿಯ ಪಕ್ಕದಲ್ಲಿ, ಒಂದು ತಂತಿಗೆ ಅಂಟಿಕೊಂಡು ಕಳೆದೆ. ಅದು ಚಾರ್ಜರಿನ ತಂತಿ. ನನ್ನ ಬಟನ್ ಫೋನಿನ ಬ್ಯಾಟರಿ ಈಗಲೋ ಆಗಲೋ ಎನ್ನುತ್ತಿತ್ತು. ಅದರ ಚಾರ್ಜರ್ ಆ ಮನೆಯಲ್ಲಿ ಮಿಕ್ಸಿಯ ಪ್ಲಗ್ಗಿನಲ್ಲಿ ಬಿಟ್ಟರೆ ಬೇರೆಲ್ಲೂ ಭದ್ರವಾಗಿ ಕೂರುತ್ತಿರಲಿಲ್ಲ. ಕಂಪ್ಯೂಟರ್ ಇದ್ದದ್ದು ಗೋಡೆಯಾಚೆ, ನಡುಮನೆಯಲ್ಲಿ. ಅದರ ಮುಂದೆ ನನ್ನ ಗಂಡ, ಅವರ ಕುರ್ಚಿಯ ಹಿಂದೆ ನಮ್ಮತ್ತೆ. ಎರಡು ಕೋಣೆಗಳ ನಡುವೆ ಓಡಾಡುತ್ತಿದ್ದವಳು ನಾದಿನಿ. ಫೋಟೋ ಅವಳದೇ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಕಾಕ್ಸ್ ಟೌನಿನಲ್ಲಿ ಬೆಳೆದ ನಾನು ಊರಂಚಿನ ಕಗ್ಗದಾಸಪುರಕ್ಕೆ ಸೊಸೆಯಾಗಿ ಬಂದಿದ್ದೆ. ಅತ್ತೆ ರಾಗಿ ಕೊಯ್ದ ಹೊಲದಲ್ಲಿ ಆಗಲೇ ಬಾಡಿಗೆ ಮನೆಗಳ ಸಾಲು ಎದ್ದಿತ್ತು. ನಾದಿನಿ ಮರ್ಫಿ ಟೌನಿನ ಒಂದು ನರ್ಸರಿ ಶಾಲೆಯಲ್ಲಿ ಟೀಚರ್. ಅವಳಿಗೆ ಗಂಡು ಹುಡುಕುತ್ತಿದ್ದರು. ಅದಕ್ಕೆಂದು ಹಲಸೂರಿನ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋದಲ್ಲಿ ಅವಳ ಬಣ್ಣವನ್ನು ತಿಕ್ಕಿ ತೊಳೆದುಬಿಟ್ಟಿದ್ದರು. ತುಟಿಯ ಕೆಳಗಿನ ಮಚ್ಚೆಯೂ ಮಾಯವಾಗಿತ್ತು. ಅದನ್ನು ನೋಡಿ ಬಂದ ಎರಡು ಮನೆಯವರೂ, ಕಾಫಿ ಹಿಡಿದು ನಿಂತವಳನ್ನು ದಾಟಿ ಹಿಂದಿನ ಬಾಗಿಲಿನತ್ತ ನೋಡಿದ್ದರು, ಹುಡುಗಿ ಇನ್ನೂ ಒಳಗಿದ್ದಾಳೆ ಎಂಬಂತೆ. "ಫೋಟೋದಲ್ಲಿ ಬೆಳ್ಳಗಿದ್ರಲ್ಲ" ಎಂದು ಒಬ್ಬಾಕೆ ಚಕ್ಕುಲಿ ಮುರಿಯುತ್ತ ಅಂದೂ ಬಿಟ್ಟರು.

"ಈ ಸಲ ಆ ಗೊಂಬೇನ ಕಳಿಸ್ಬೇಡಿ ಅತ್ತಿಗೆ, ಬಂದೋರು ಅವಳನ್ನೇ ಹುಡುಕ್ತಾರೆ" ಎಂದು ನಾದಿನಿ ನನ್ನ ಹತ್ತಿರ ಹೇಳಿದ್ದಳು. "ನೀವು ಮಾಳಿಗೆ ಮೇಲೆ ತೆಗೆದಿದ್ರಲ್ಲ, ಅದನ್ನ ಕಳ್ಸಿ."

ಒಗೆದ ಬಟ್ಟೆ ಹರವುತ್ತಿದ್ದವಳು ಯಾರೋ ಕರೆದರೆಂದು ತಿರುಗಿ ನಕ್ಕ ಚಿತ್ರ ಅದು. ನನ್ನ ಫೋನಿನಲ್ಲಿತ್ತು.

ಮೂರನೆಯ ಸಂಬಂಧದ ಹುಡುಗ ಹೈದರಾಬಾದಿನಲ್ಲಿ ಬ್ಯಾಂಕ್ ನೌಕರ. ಅವನ ತಂದೆತಾಯಿ ಇದ್ದದ್ದು ಕೆ.ಆರ್. ಪುರಂನಲ್ಲಿ. ಬಸ್ಸಿನಲ್ಲಿ ಹೋಗಿ ಕೈಗೆ ಕೊಟ್ಟು ಬರಬಹುದಾಗಿದ್ದ ಫೋಟೋವನ್ನು ಮೊದಲು ಹುಡುಗನಿಗೆ ಈಮೇಲ್ ಮಾಡಿ ಎಂದು ಅವರೇ ಹೇಳಿದ್ದರು. ಅತ್ತೆಯೂ ಒಪ್ಪಿದರು. ಅವರದು ಒಂದೇ ಕರಾರು: ನಾಲ್ಕೂವರೆಗೆ ರಾಹುಕಾಲ ಶುರು, ಅದರೊಳಗೆ ಫೋಟೋ ಹೋಗಬೇಕು.

"ಅಷ್ಟೊತ್ಗೆ ನಿನ್ ಫೋನಿಂದು ಬರ್ನಿಲ್ಲ ಅಂದ್ರೆ ಸ್ಟುಡಿಯೋದ್ದೇ ಕಳ್ಸೋದು. ಅದು ಕಂಪ್ಯೂಟರ್ನಾಗೆ ಐತಲ್ಲ" ಎಂದರು.

ಇತ್ತು. ಸ್ಕ್ಯಾನ್ ಮಾಡಿಸಿ ಇಟ್ಟಾಗಿತ್ತು. ನನ್ನ ಫೋನಿನ ಡಬ್ಬಿಯಲ್ಲಿ ಕಂಪ್ಯೂಟರಿಗೆ ಜೋಡಿಸುವ ಕೇಬಲ್ ಕೊಟ್ಟಿರಲಿಲ್ಲ. ನನ್ನವರು ಶಿವಾಜಿನಗರದಿಂದ ಹೆಬ್ಬೆರಳ ಗಾತ್ರದ ಬ್ಲೂಟೂತ್ ಡಾಂಗಲ್ ತಂದಿದ್ದರು. "ಕಂಪ್ಯೂಟರ್ ಹಿಂದೆ ಸಿಕ್ಸಿ ಬಿಟ್ಬಿಡಿ ಸಾರ್, ಎರಡೂ ತಾವೇ ಮಾತಾಡ್ಕೊಳ್ತಾವೆ" ಎಂದಿದ್ದನಂತೆ ಅಂಗಡಿಯವನು. ಮಾತಾಡುವುದಿರಲಿ, ಅವು ಒಂದನ್ನೊಂದು ಗುರುತಿಸಲೂ ಇಲ್ಲ. ಮೊದಲು ಹುಡುಕಿದಾಗ ನನ್ನ ಫೋನಿಗೆ ಸಿಕ್ಕಿದ್ದು ಹಿಂದಿನ ಬಾಡಿಗೆ ಕೋಣೆಗಳವರ ಫೋನುಗಳು. ಅವುಗಳಲ್ಲಿ ಒಂದರ ಹೆಸರು 'ಕಲಬುರಗಿ ಹುಲಿ'. ನಾನು ಓದಿ ಹೇಳಿದ್ದೇ ತಪ್ಪಾಯಿತು.

"ಹುಲಿಗೆ ಕಳಿಸ್ಬಿಟ್ಟೀಯ ಕಣಮ್ಮ, ಮದ್ವೆ ಆಗೋ ಹೆಣ್ಣಿನ ಫೋಟೋ!" ಎಂದು ಗೋಡೆಯಾಚೆಯಿಂದ ಅತ್ತೆ ಕೂಗಿದರು.

ಕೊನೆಗೆ ನಮ್ಮ ಕಂಪ್ಯೂಟರಿನ ಹೆಸರು ಕಂಡಿತು. ಈಗ ಪಾಸ್‌ಕೋಡ್. ಏನಾದರೂ ನಾಲ್ಕು ಅಂಕಿ. ಫೋನಿನಲ್ಲಿ ಒತ್ತಿದ್ದನ್ನೇ ಕಂಪ್ಯೂಟರಿನಲ್ಲೂ ಒತ್ತಬೇಕು. ಎರಡೂ ಒಂದೇ ಆದರೆ ಮಾತ್ರ ಸ್ನೇಹ. ಜೊತೆಗೆ ತಡಮಾಡುವಂತಿಲ್ಲ.

"ರೀ, ನಾಲ್ಕು ಸೊನ್ನೆ ಹಾಕಿ!"

"ಹಾಕ್ದೆ!"

ಆಗಲಿಲ್ಲ ಎಂದಿತು ಫೋನು. ಮತ್ತೆ ಹುಡುಕಿದೆ, ಮತ್ತೆ ಕೂಗಿದೆ, ಮತ್ತೆ "ಹಾಕ್ದೆ!" ಮತ್ತೆ ಆಗಲಿಲ್ಲ. ಡಾಂಗಲ್ ಕಿತ್ತು ಸಿಕ್ಕಿಸಲು ನನ್ನವರು ಮೇಜಿನಡಿ ನುಗ್ಗಿ ತಲೆ ಬಡಿದುಕೊಂಡ ಸದ್ದು ಕೇಳಿಸಿತು. ಕಂಪ್ಯೂಟರನ್ನು ಆರಿಸಿ ಹಚ್ಚಿದರು. ಅದು ಎದ್ದು ಬರುವಷ್ಟರಲ್ಲಿ ನಾನು ಒಂದು ಸೇರು ಅಕ್ಕಿ ಆರಿಸಬಹುದಿತ್ತು.

"ನಿನ್ನ ಫೋನೇ ಡಬ್ಬಾ ಕಣೇ!"

"ನಿಮ್ಮ ಡಾಂಗಲ್ಲೇ ಡಬ್ಬಾ!"

ಹೆಣ್ಣುಮಕ್ಕಳು ದನಿ ಎತ್ತಬಾರದೆಂದು ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ಕಾನ್ವೆಂಟಿನಲ್ಲಿ ಬ್ಲೂಟೂತ್ ಇರಲಿಲ್ಲ.

ನಾದಿನಿ ಬಾಗಿಲಲ್ಲಿ ಬಂದು ನಿಂತಳು. ಮುಖ ಸಣ್ಣದಾಗಿತ್ತು. "ನಾಲ್ಕು ಗಂಟೆ ಆಗೋಯ್ತು ಅತ್ತಿಗೆ. ಅಮ್ಮ ಆಗ್ಲೇ ಸ್ಟುಡಿಯೋದ್ದು ತೆಗಿ ಅಂತಿದಾಳೆ."

"ಇನ್ನೊಂದು ಸಲ ನೋಡೋಣ. ನೀನು ನಿಮ್ಮಣ್ಣನ ಕೈ ನೋಡ್ತಿರು" ಎಂದೆ.

ಕಂಪ್ಯೂಟರಿನ ಪರದೆಯಲ್ಲಿ ಅಂಕಿಯ ಬದಲು ಬರೀ ಚುಕ್ಕಿಗಳು ಕಾಣುತ್ತಿದ್ದವು, ಆದರೆ ಬೆರಳು ಕಾಣುತ್ತದಲ್ಲ. ನಾನು ಕೂಗಿದೆ, ಅವರು "ಹಾಕ್ದೆ" ಎಂದರು, ಒಡನೆಯೇ ನಾದಿನಿ ಚೀರಿದಳು: "ಅಣ್ಣ ಒಂದು ಒತ್ತಿದ ಅತ್ತಿಗೆ! ಮೊದಲೂ ಒಂದು, ಕೊನೇಗೂ ಒಂದು!"

ಚಾರ್ಜರ್ ಕಿತ್ತು ನಡುಮನೆಗೆ ಹೋದೆ. ನನ್ನವರು ಕೀಲಿಮಣೆ ನೋಡುತ್ತ, "ಅಮ್ಮ ಸಾವಿರದೊಂದು ಹಾಕು ಅಂದ್ಲು. ಯಾವ್ದೋ ನಾಲ್ಕು ನಂಬರ್ ತಾನೆ ಅಂತ..." ಎಂದರು.

"ಅಷ್ಟು ಸಲವೂನಾ?"

ಉತ್ತರ ಅತ್ತೆಯಿಂದ ಬಂತು. "ಇನ್ನೇನವ್ವ? ಮದ್ವೆ ಮಾತಿಗೆ ಯಾರಾದ್ರೂ ಸೊನ್ನೆ ಒತ್ತಾರಾ, ಅದೂ ನಾಲ್ಕು? ಮುಯ್ಯಿ ಇಕ್ಕೋವಾಗ ಬರೀ ಸಾವಿರ ಇಕ್ತೀವಾ? ಮೇಲೊಂದು ಇದ್ರೇನೇ ಬೆಳೆಯೋದು. ನಿಮ್ ಕಾನ್ವೆಂಟ್ನಾಗೆ ಇದೆಲ್ಲ ಯೋಳ್ಕೊಡಕಿಲ್ಲ."

ವಾದಿಸಲು ಹೊತ್ತಿರಲಿಲ್ಲ. ಫೋನಿನಲ್ಲಿ ನಾನೂ ಸಾವಿರದೊಂದೇ ಒತ್ತಿದೆ. ತಕ್ಷಣ ಒಪ್ಪಿಕೊಂಡಿತು. ಅತ್ತೆಯ ಮುಖ ನೋಡಲು ಧೈರ್ಯ ಸಾಲದೆ ಗೋಡೆಯ ಕ್ಯಾಲೆಂಡರ್ ನೋಡಿದೆ.

ಆಮೇಲೆ ಒಂದು ನೀಲಿ ಪಟ್ಟಿ ಕಂಪ್ಯೂಟರಿನಲ್ಲಿ ತೆವಳತೊಡಗಿತು. ನಡುವೆ ನಿಂತಿತು. ಅತ್ತೆ ಫೋನಿಗೂ ಡಾಂಗಲ್ಲಿಗೂ ಮಧ್ಯೆ ನಿಂತಿದ್ದಾರೆಂದು ನನ್ನವರು ಅವರನ್ನು ಪಕ್ಕಕ್ಕೆ ಸರಿಸಿದರು. ಪಟ್ಟಿ ಮತ್ತೆ ತೆವಳಿತು. ಫೋಟೋ ಪೂರ್ತಿ ಬರುವಷ್ಟರಲ್ಲಿ ನಾಲ್ಕೂವರೆ ದಾಟಿತ್ತು. ಅಷ್ಟು ದೊಡ್ಡ ಪರದೆಯ ನಡುವೆ ಬೆಂಕಿಪೊಟ್ಟಣದಷ್ಟು ಚಿತ್ರ. ದೊಡ್ಡದು ಮಾಡಿದರೆ ಮುಖವೆಲ್ಲ ಚೌಕ ಚೌಕ. ಮತ್ತೆ ಚಿಕ್ಕದು ಮಾಡಿದರು. ಬಿಸಿಲು, ಹಗ್ಗದ ಮೇಲಿನ ಲಂಗ, ಅವಳ ನಗು, ತುಟಿಯ ಕೆಳಗೆ ಮಚ್ಚೆ, ಎಲ್ಲ ಇತ್ತು.

"ಎಷ್ಟು ಕಪ್ಪಗೆ ಕಾಣ್ತಾವ್ಳೆ! ರಾಹುಕಾಲ ಬೇರೆ ಹತ್ಕೊಂತು" ಎಂದರು ಅತ್ತೆ. "ಆರು ಗಂಟೆ ಆಗ್ಲಿ, ಸ್ಟುಡಿಯೋದ್ದೇ ಕಳ್ಸು ಮಗ."

ನನ್ನವರು ನನ್ನ ಮುಖ ನೋಡಿದರು. ಅಷ್ಟರಲ್ಲಿ ನಾದಿನಿ ಬಗ್ಗಿ ಅಣ್ಣನ ಕೈಯಿಂದ ಮೌಸ್ ತೆಗೆದುಕೊಂಡಳು. ಈಮೇಲಿಗೆ ಆ ಪುಟ್ಟ ಚಿತ್ರವನ್ನು ಜೋಡಿಸಿದಳು. ವಿಳಾಸವನ್ನು ಒಂದೊಂದೇ ಅಕ್ಷರ ಓದಿ ನೋಡಿ ಕಳುಹಿಸಿದಳು.

"ರಾಹುಕಾಲ ಕಣೇ!"

"ರಾಹೂನೂ ನನ್ನ ಮುಖಾನೇ ನೋಡ್ಲಿ ಬಿಡಮ್ಮ."

ಮರುದಿನ ಹುಡುಗನಿಂದ ಉತ್ತರ ಬಂತು. ಫೋಟೋ ತಲುಪಿದೆ, ತುಂಬ ಚಿಕ್ಕದಾಗಿದೆ, ಇನ್ನೂ ದೊಡ್ಡದು, ಸ್ಪಷ್ಟವಾದದ್ದು ಕಳಿಸಬಹುದೇ ಎಂದು. ನಾನು ಓದಿ ಮುಗಿಸುವ ಮೊದಲೇ ಅತ್ತೆ, "ನಾನೇನಂದೆ?" ಎಂದು ಸೆರಗು ಸಿಕ್ಕಿಸಿಕೊಂಡು ಬಂದರು. ಶಾಲೆಯ ಚಪ್ಪಲಿಯನ್ನೂ ಬಿಚ್ಚದೆ ನಾದಿನಿ ಬಾಗಿಲಿನಿಂದಲೇ ಅಂದಳು:

"ದೊಡ್ಡದು ಬೇಕಂದ್ರೆ ಮನೆಗೆ ಬಂದು ನೋಡ್ಲಿ."

ಅತ್ತೆ ಮಗಳ ಮುಖ ನೋಡಿ, ಸಿಕ್ಕಿಸಿದ್ದ ಸೆರಗನ್ನು ಬಿಡಿಸಿಕೊಂಡರು. ಉತ್ತರ ಬರೆಯುವ ಕೆಲಸ ನನಗೆ ಬಂತು, ಮನೆಯಲ್ಲಿ ಇಂಗ್ಲಿಷು ನನ್ನದೇ ತಾನೆ. ಇದಕ್ಕಿಂತ ದೊಡ್ಡ ಫೋಟೋ ಇಲ್ಲ, ಊರಿಗೆ ಬಂದಾಗ ದಯವಿಟ್ಟು ಮನೆಗೆ ಬಂದು ಹುಡುಗಿಯನ್ನೇ ನೋಡಿ ಎಂದು ಬರೆದೆ. ನಾದಿನಿ ನನ್ನ ಹೆಗಲ ಮೇಲಿಂದ ಓದಿದಳು.

"ಆ ದಯವಿಟ್ಟು ತೆಗೀರಿ ಅತ್ತಿಗೆ" ಎಂದಳು.

ತೆಗೆದು ಕಳುಹಿಸಿದೆ.